ವಯಸ್ಸಿನ ಫಿಲ್ಟರ್: ಮೂವರು ಸೇರಿ ಡೇಟಿಂಗ್ ತಾಣಗಳನ್ನು ಹೋಲಿಸಿದಾಗ

ಇಂಥ ವಯಸ್ಸಿನವರಿಗೆ ಇಂಥದೇ ಡೇಟಿಂಗ್ ತಾಣ ಎಂಬ ಮಾತನ್ನು ನಾನು ಮೊದಲು ನಂಬಿರಲಿಲ್ಲ. ಈಗಲೂ ಅರ್ಧ ಮಾತ್ರ ನಂಬುತ್ತೇನೆ. ಹೋಲಿಸಿ ನೋಡುವ ಯೋಚನೆ ಹುಟ್ಟಿದ್ದು ಅಕ್ಕನ ಮಗಳ ತಲೆಯಲ್ಲಿ. ಅವಳಿಗೆ ಇಪ್ಪತ್ತಾರು, ಇಂಥ ಆ್ಯಪ್‌ಗಳು ಅವಳ ಮೊಬೈಲಿನಲ್ಲಿ ಅದಾಗಲೇ ಸಾಲಾಗಿ ಕೂತಿದ್ದವು. ನಾನು ಐವತ್ತರ ಹೊಸ್ತಿಲಲ್ಲಿದ್ದೆ, ವಿಚ್ಛೇದನವಾಗಿ ಕೆಲವು ವರ್ಷಗಳು ಕಳೆದಿದ್ದವು. ನನ್ನ ಸೋದರತ್ತೆಗೆ ಅರವತ್ತನಾಲ್ಕು, ಮಾವ ತೀರಿಕೊಂಡಿದ್ದಾರೆ, ಮಕ್ಕಳು ದೂರದಲ್ಲಿದ್ದಾರೆ. "ಮದುವೆಯ ಮಾತು ಬೇಡವೇ ಬೇಡ. ಸಂಜೆ ಹೊತ್ತು ಹರಟುವುದಕ್ಕೆ ಒಬ್ಬರು ಸಿಕ್ಕರೆ ಸಾಕು" ಎಂದು ಅವರೇ ಬಾಯಿಬಿಟ್ಟು ಹೇಳಿದ ಮೇಲೆ ಮೂವರೂ ಕೂತು ಒಂದೊಂದೇ ತಾಣ ತೆರೆಯತೊಡಗಿದೆವು. ಆದಷ್ಟೂ ಒಂದೇ ತಾಣದಲ್ಲಿ ಮೂವರೂ ಖಾತೆ ತೆರೆಯಬೇಕು, ನಿಜವಾದ ವಯಸ್ಸನ್ನೇ ಬರೆಯಬೇಕು, ವಾರಕ್ಕೊಮ್ಮೆ ಏನಾಯಿತೆಂದು ಒಬ್ಬರಿಗೊಬ್ಬರು ಹೇಳಬೇಕು ಎಂದು ಕರಾರು ಮಾಡಿಕೊಂಡೆವು. ಕೊನೆಯ ಕರಾರನ್ನು ಅಕ್ಕನ ಮಗಳು ಅಷ್ಟಾಗಿ ಪಾಲಿಸಲಿಲ್ಲ. ಇಪ್ಪತ್ತಾರರಲ್ಲಿ ನಾನೂ ಪಾಲಿಸುತ್ತಿರಲಿಲ್ಲ.

ಹಳೆಯ ತಾಣಗಳಿಂದಲೇ ಹೊರಟೆವು. ಮ್ಯಾಚ್ ಡಾಟ್ ಕಾಮ್ ಶುರುವಾದದ್ದು 1995ರಲ್ಲಿ, ಇಹಾರ್ಮೊನಿ 2000ದಲ್ಲಿ, ಪ್ಲೆಂಟಿ ಆಫ್ ಫಿಶ್ 2003ರಲ್ಲಿ, ಓಕೆಕ್ಯುಪಿಡ್ 2004ರಲ್ಲಿ. ಟಿಂಡರ್ ಬಂದದ್ದು 2012ರಲ್ಲಿ, ಬಂಬಲ್ 2014ರಲ್ಲಿ. ತಾಣದ ಹುಟ್ಟಿದ ವರ್ಷ ತಿಳಿದರೆ ಅಲ್ಲಿ ಯಾರು ಸಿಗುತ್ತಾರೆ ಎಂಬುದನ್ನು ಸುಮಾರಾಗಿ ಊಹಿಸಬಹುದು. ಕಂಪ್ಯೂಟರಿನ ಮುಂದೆ ಕೂತು ಉದ್ದನೆಯ ಅರ್ಜಿ ತುಂಬುತ್ತಿದ್ದ ಕಾಲದವರು ಅಂಥ ತಾಣಗಳಲ್ಲೇ ಉಳಿದಿದ್ದಾರೆ. ಫೋಟೊವನ್ನು ಬೆರಳಿನಿಂದ ಎಡಕ್ಕೋ ಬಲಕ್ಕೋ ತಳ್ಳುವುದನ್ನು ಕಲಿತವರು ಟಿಂಡರಿನ ಕಡೆ ಇದ್ದಾರೆ. ಅಮೆರಿಕದ ಪ್ಯೂ ಸಂಶೋಧನಾ ಕೇಂದ್ರ 2022ರಲ್ಲಿ ಅಲ್ಲಿನ ವಯಸ್ಕರನ್ನು ಕೇಳಿದಾಗ, ಎಂದಾದರೂ ಡೇಟಿಂಗ್ ತಾಣ ಬಳಸಿದ್ದೇವೆ ಎಂದವರು ಮೂವತ್ತರ ಒಳಗಿನವರಲ್ಲಿ ಶೇ. 53, ಮೂವತ್ತರಿಂದ ನಲವತ್ತೊಂಬತ್ತರವರಲ್ಲಿ ಶೇ. 37, ಐವತ್ತರಿಂದ ಅರವತ್ತನಾಲ್ಕರವರಲ್ಲಿ ಶೇ. 20, ಅರವತ್ತೈದು ದಾಟಿದವರಲ್ಲಿ ಶೇ. 13. ಬಳಸಿದವರ ಪೈಕಿ ಮೂವತ್ತರ ಒಳಗಿನವರಲ್ಲಿ ಐವರಿಗೆ ನಾಲ್ವರಂತೆ ಟಿಂಡರಿಗೆ ಹೋದವರು. ಈ ಅಂಕಿಗಳನ್ನು ಅತ್ತೆಗೆ ಓದಿ ಹೇಳಿದೆ. "ಹಾಗಾದರೆ ನನ್ನ ವಯಸ್ಸಿನವರು ಇದ್ದಾರೆ, ಆದರೆ ಹುಡುಕಬೇಕು" ಎಂದರು. ಮುಂದೆ ಆದದ್ದೂ ಅದೇ.

ಹುಡುಕುತ್ತಾ ಹೋದಾಗ ಇನ್ನೊಂದು ಸಂಗತಿ ಗೊತ್ತಾಯಿತು. ಮ್ಯಾಚ್, ಟಿಂಡರ್, ಹಿಂಜ್, ಓಕೆಕ್ಯುಪಿಡ್, ಪ್ಲೆಂಟಿ ಆಫ್ ಫಿಶ್, ಐವತ್ತು ದಾಟಿದವರಿಗೆಂದು ಮಾಡಿದ ಅವರ್‌ಟೈಮ್, ಇವಿಷ್ಟೂ ಮ್ಯಾಚ್ ಗ್ರೂಪ್ ಎಂಬ ಒಂದೇ ಕಂಪನಿಯವು. ಒಂದೇ ಅಡುಗೆಮನೆಯಿಂದ ಬೇರೆ ಬೇರೆ ಪಂಕ್ತಿಗೆ ಬಡಿಸಿದ ಹಾಗೆ. ಬಂಬಲ್, ಇಹಾರ್ಮೊನಿ ಈ ಗುಂಪಿಗೆ ಸೇರಿದವಲ್ಲ. ಆಮೇಲೆ ಯಾವ ತಾಣದ ಹೆಸರು ಕೇಳಿದರೂ ಒಡೆಯರು ಯಾರು ಎಂದು ಮೊದಲು ನೋಡುವುದು ನನಗೆ ಅಭ್ಯಾಸವಾಯಿತು. 'ನಿಮ್ಮ ವಯಸ್ಸಿಗೆಂದೇ ರೂಪಿಸಿದ್ದು' ಎಂಬ ಜಾಹೀರಾತಿನ ಮಾತನ್ನು ಎಷ್ಟು ಹಗುರವಾಗಿ ತೆಗೆದುಕೊಳ್ಳಬೇಕು ಎಂಬುದು ಇದರಿಂದ ತಿಳಿಯುತ್ತದೆ.

ಹಾಗೆಂದು ತಾಣಗಳೆಲ್ಲ ಒಂದೇ ಎಂದಲ್ಲ. ಅವು ನಮ್ಮನ್ನು ಮೊದಲು ಏನು ಕೇಳುತ್ತವೆ ಎಂಬುದರಲ್ಲೇ ವ್ಯತ್ಯಾಸವೆಲ್ಲ ಇದೆ. ಟಿಂಡರ್ ಕೇಳುವುದು ಮುಖ್ಯವಾಗಿ ಮುಖವನ್ನು. ಕೆಲವು ಫೋಟೊ, ಒಂದೆರಡು ಸಾಲು ಹಾಕಿದರೆ ಮುಗಿಯಿತು. ಅಕ್ಕನ ಮಗಳು ಮಾತಾಡುತ್ತಲೇ ನನ್ನ ಖಾತೆ ಸಿದ್ಧಮಾಡಿದಳು. ಹಿಂಜ್‌ನಲ್ಲಿ ಸಿದ್ಧ ಪ್ರಶ್ನೆಗಳ ಪಟ್ಟಿಯಿಂದ ಕೆಲವನ್ನು ಆರಿಸಿ ಉತ್ತರ ಬರೆಯಬೇಕು. ನೋಡಿದವರು ಇಡೀ ಪ್ರೊಫೈಲನ್ನಲ್ಲ, ಆ ಒಂದು ಉತ್ತರವನ್ನೋ ಒಂದು ಫೋಟೊವನ್ನೋ ಮೆಚ್ಚಿ ಅದರ ಕೆಳಗೇ ಮಾತು ಶುರುಮಾಡಬಹುದು. ನನ್ನಂಥ ಮುಖಹೇಡಿಗೆ ಇದು ಅನುಕೂಲ. ಎದುರಿನವರು ಬರೆದದ್ದರ ಬಗ್ಗೆ ಏನಾದರೂ ಹೇಳಿದರಾಯಿತು, 'ಹೇಗಿದ್ದೀರಿ' ಎಂಬ ಬೋಳು ಸಂದೇಶ ಕಳಿಸಬೇಕಿಲ್ಲ.

ಓಕೆಕ್ಯುಪಿಡ್ ನನಗೆ ಬೇರೆಯದೇ ಕಾರಣಕ್ಕೆ ಹಿಡಿಸಿತು. ನಾನು ಗಣಿತ ಓದಿದವಳು. ಅಲ್ಲಿ ಪ್ರಶ್ನೆಗಳಿಗೆ ಉತ್ತರಿಸುವಾಗ ನಮ್ಮ ಉತ್ತರದ ಜೊತೆಗೆ, ಎದುರಿನವರು ಯಾವ ಉತ್ತರ ಕೊಟ್ಟರೆ ನಮಗೆ ಒಪ್ಪಿಗೆ, ಆ ಪ್ರಶ್ನೆ ನಮಗೆಷ್ಟು ಮುಖ್ಯ ಎಂಬುದನ್ನೂ ಹೇಳಬೇಕು. ಇಬ್ಬರ ಉತ್ತರಗಳನ್ನೂ ಕೂಡಿಸಿ ಹೊಂದಾಣಿಕೆಯ ಶೇಕಡಾವಾರು ಬರುತ್ತದೆ. ಆ ತಾಣ ಹಿಂದೆ ತಾನೇ ವಿವರಿಸಿದ್ದ ಪ್ರಕಾರ ಅದು ಸಾದಾ ಸರಾಸರಿಯಲ್ಲ, ಎರಡು ಸಂಖ್ಯೆಗಳ ಗುಣಲಬ್ಧದ ವರ್ಗಮೂಲ. ಅವರಿಗೆ ನಾನು ಶೇ. 90ರಷ್ಟು ಹಿಡಿಸಿ, ನನಗೆ ಅವರು ಶೇ. 40ರಷ್ಟು ಮಾತ್ರ ಹಿಡಿಸಿದರೆ ಸಾದಾ ಸರಾಸರಿ 65 ಬರುತ್ತದೆ. ಈ ಲೆಕ್ಕದಲ್ಲಿ 60 ಬರುತ್ತದೆ. ಒಬ್ಬರ ಉತ್ಸಾಹ ಇನ್ನೊಬ್ಬರ ಉದಾಸೀನವನ್ನು ಪೂರ್ತಿ ಮುಚ್ಚಿಹಾಕಬಾರದು ಎಂಬ ಎಚ್ಚರ ಅದರಲ್ಲಿದೆ. ಮದುವೆಯಾಗಿ ಬಿಟ್ಟವಳಿಗೆ ಇದು ಬೇಗ ಅರ್ಥವಾಗುತ್ತದೆ.

ಹಿಂಜ್ ಕೂಡ 2018ರಲ್ಲಿ ದಿನಕ್ಕೊಬ್ಬರನ್ನು 'ಹೆಚ್ಚು ಹೊಂದುವವರು' ಎಂದು ಸೂಚಿಸುವ ವ್ಯವಸ್ಥೆ ತಂದಾಗ ಗಣಿತಜ್ಞರಾದ ಗೇಲ್ ಮತ್ತು ಶಾಪ್ಲಿ 1962ರಲ್ಲಿ ಬರೆದ, ಜೋಡಿ ಮಾಡುವ ಕ್ರಮವನ್ನು ಆಧರಿಸಿತ್ತು. ಶಾಪ್ಲಿಯವರಿಗೆ 2012ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂದದ್ದು ಈ ಬಗೆಯ ಹೊಂದಾಣಿಕೆಯ ಕೆಲಸಕ್ಕೇ. ಆದರೆ ಆ ಕ್ರಮ ಕೊಡುವ ಭರವಸೆ ಒಂದೇ: ಜೋಡಿ ಮಾಡಿದ ಮೇಲೆ, ತಮ್ಮ ತಮ್ಮ ಜೋಡಿಯನ್ನು ಬಿಟ್ಟು ಪರಸ್ಪರರ ಬಳಿ ಹೋಗಬಯಸುವ ಇಬ್ಬರು ಉಳಿಯುವುದಿಲ್ಲ. ಯಾರಾದರೂ ಸಂತೋಷವಾಗಿರುತ್ತಾರೆ ಎಂದು ಅದು ಎಲ್ಲೂ ಹೇಳುವುದಿಲ್ಲ. ಇದನ್ನು ವಿವರಿಸಹೊರಟಾಗ ಅಕ್ಕನ ಮಗಳು, "ಚಿಕ್ಕಮ್ಮಾ, ಮೊದಲು ನಿನ್ನ ಫೋಟೊ ಬದಲಿಸು" ಎಂದಳು.

ಉದ್ದ ಪ್ರಶ್ನಾವಳಿ ಅತ್ತೆಗೆ ಒಗ್ಗುತ್ತದೆ ಎಂದು ನಾವಿಬ್ಬರೂ ಭಾವಿಸಿದ್ದೆವು. ಇಹಾರ್ಮೊನಿಯನ್ನು ಸ್ಥಾಪಿಸಿದ ನೀಲ್ ಕ್ಲಾರ್ಕ್ ವಾರೆನ್ ಮನಶ್ಶಾಸ್ತ್ರಜ್ಞರು. ಮೊದಲ ವರ್ಷಗಳಲ್ಲಿ ಅಲ್ಲಿ ನೂರಾರು ಪ್ರಶ್ನೆಗಳಿರುತ್ತಿದ್ದವು, ಈಗಲೂ ಸ್ವಭಾವದ ಪರೀಕ್ಷೆಯಿಂದಲೇ ಶುರು. ಅತ್ತೆ ಅರ್ಧಕ್ಕೇ ಬಿಟ್ಟರು. "ನಾನು ಸಿಟ್ಟಿನವಳೋ ಅಲ್ಲವೋ ಎಂಬುದನ್ನು ಇಷ್ಟು ವರ್ಷ ನನ್ನ ಜೊತೆ ಬಾಳಿದವರು ಹೇಳಬೇಕಿತ್ತು, ಅವರಿಲ್ಲ" ಎಂದರು. ಅವರಿಗೆ ಸಲೀಸಾದದ್ದು, ಯಾರೂ ಊಹಿಸದಿದ್ದ ಬಂಬಲ್. ಗಂಡು ಹೆಣ್ಣಿನ ಜೋಡಿಯಲ್ಲಿ ಹೆಣ್ಣೇ ಮೊದಲು ಮಾತಾಡಬೇಕು, ಅದೂ ಒಂದು ದಿನದೊಳಗೆ, ಇಲ್ಲವಾದರೆ ಪರಸ್ಪರ ಮೆಚ್ಚಿಕೊಂಡ ಆ ಜೋಡಿ ಮಾಯವಾಗುತ್ತದೆ ಎಂಬ ನಿಯಮದಿಂದ ಹೆಸರಾದ ತಾಣ ಅದು. 2024ರಲ್ಲಿ ಈ ನಿಯಮ ಸಡಿಲವಾಯಿತು. ಹೆಣ್ಣು ಒಂದು ಪ್ರಶ್ನೆಯನ್ನು ಮೊದಲೇ ಬರೆದಿಟ್ಟರೆ ಗಂಡು ಅದಕ್ಕೆ ಉತ್ತರಿಸಿ ಮಾತು ಆರಂಭಿಸಬಹುದು. ಅತ್ತೆ ಬರೆದಿಟ್ಟ ಪ್ರಶ್ನೆ: 'ನೀವು ಕೊನೆಯ ಬಾರಿ ಯಾರ ಬಳಿ ಕ್ಷಮೆ ಕೇಳಿದಿರಿ?' ಉತ್ತರಗಳು ಕಡಿಮೆ ಬಂದವು. ಬಂದವು ಓದುವಂತಿದ್ದವು. ಆದರೆ ಅತ್ತೆಯ ವಯಸ್ಸಿನ ಜನ ಅಲ್ಲಿ ವಿರಳ. ಕೆಲವೇ ದಿನಗಳಲ್ಲಿ ಪರದೆಯ ಮೇಲೆ ತೋರಿಸಲು ಹೊಸಬರೇ ಉಳಿಯಲಿಲ್ಲ. ಅಕ್ಕನ ಮಗಳಿಗೆ ಮಾತ್ರ ಅದೇ ತಾಣದಲ್ಲಿ ಮುಖಗಳು ಮುಗಿದದ್ದೇ ಇಲ್ಲ.

ಇನ್ನು ವಯಸ್ಸಿನ ಫಿಲ್ಟರ್. ಎಲ್ಲ ತಾಣಗಳಲ್ಲೂ 'ಇಷ್ಟರಿಂದ ಇಷ್ಟು ವಯಸ್ಸಿನವರನ್ನು ತೋರಿಸು' ಎಂಬ ಗೆರೆ ಇರುತ್ತದೆ. ಅದು ಎರಡೂ ಕಡೆಯಿಂದ ಕೆಲಸ ಮಾಡುತ್ತದೆ ಎಂಬುದನ್ನು ಅನೇಕರು ಗಮನಿಸುವುದಿಲ್ಲ. ನನ್ನ ಗೆರೆಯೊಳಗೆ ಅವರಿದ್ದರೆ ಸಾಲದು, ಅವರ ಗೆರೆಯೊಳಗೆ ನಾನೂ ಇರಬೇಕು; ಅವರು ಎಳೆದ ಗೆರೆ ನನಗೆ ಕಾಣುವುದಿಲ್ಲ. ಕೆಲವು ತಾಣಗಳಲ್ಲಿ ಅದು ಬರೀ ಇಷ್ಟದ ಸೂಚನೆ, ಜನ ಕಡಿಮೆಯಾದರೆ ಆಚೀಚಿನವರನ್ನೂ ತೋರಿಸುತ್ತಾರೆ. ಹಿಂಜ್‌ನಲ್ಲಿ ಅದನ್ನು 'ರಾಜಿಯಿಲ್ಲ' ಎಂದು ಗುರುತು ಹಾಕಿ ಗಟ್ಟಿ ಮಾಡಬಹುದು.

ಈ ಹೋಲಿಕೆ ನಡೆಯುತ್ತಿದ್ದಾಗಲೇ ನನಗೆ ಐವತ್ತು ತುಂಬಿತು. ಐವತ್ತರಲ್ಲಿ ಹೆಚ್ಚೇನೂ ಬದಲಾಗಲಿಲ್ಲ. ಆದರೆ ಐವತ್ತೊಂದಾದಾಗ ಬರುತ್ತಿದ್ದ ಲೈಕುಗಳು ಎದ್ದು ಕಾಣುವಷ್ಟು ತೆಳುವಾದವು. ಫೋಟೊ ಅದೇ, ಬರಹ ಅದೇ. ಕಾರಣ ಊಹಿಸುವುದು ಕಷ್ಟವಲ್ಲ: ಜನ ಫಿಲ್ಟರನ್ನು 40, 45, 50 ಎಂಬ ದುಂಡು ಸಂಖ್ಯೆಗಳಲ್ಲಿ ನಿಲ್ಲಿಸುತ್ತಾರೆ. ಐವತ್ತರ ಹೆಂಗಸು ಐವತ್ತೊಂದಾದ ಮಾತ್ರಕ್ಕೆ ಬೇರೆಯವಳಾಗುವುದಿಲ್ಲ, ಆದರೆ ಪಟ್ಟಿಯಿಂದ ಹೊರಗೆ ಬೀಳುತ್ತಾಳೆ. ಆಗ ನಾನು ನನ್ನದೇ ಗೆರೆಯನ್ನು ನೋಡಿಕೊಂಡೆ. 46ರಿಂದ 62. ದುಂಡು ಸಂಖ್ಯೆ ಬಿಟ್ಟಿದ್ದಕ್ಕೆ ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಈ ದುಂಡು ಸಂಖ್ಯೆಯ ಇನ್ನೊಂದು ಮುಖ ಎದುರಾದದ್ದು ಮೊದಲ ಭೇಟಿಯಲ್ಲಿ. ಪ್ರೊಫೈಲಿನಲ್ಲಿ ಐವತ್ತೈದು ಎಂದಿದ್ದವರು ಮಾತಿನ ಮಧ್ಯೆ ತಾವು ಕಾಲೇಜು ಮುಗಿಸಿದ ವರ್ಷ ಹೇಳಿದರು. ಲೆಕ್ಕ ಹೊಂದಲಿಲ್ಲ. ಕೇಳಿದಾಗ ಸಂಕೋಚಪಡದೆ ಐವತ್ತೊಂಬತ್ತು ಎಂದು ಒಪ್ಪಿಕೊಂಡರು. "ಐವತ್ತೈದರ ಮೇಲೆ ಹಾಕಿದರೆ ನಾನು ಯಾರ ಕಣ್ಣಿಗೂ ಬೀಳುವುದಿಲ್ಲ" ಎಂದರು. ಮಾತಿನಲ್ಲಿ ಸತ್ಯವಿತ್ತು. ಐವತ್ತೊಂಬತ್ತು ನನಗೆ ಅಡ್ಡಿಯಾಗಿರಲಿಲ್ಲ, ನನ್ನ ಗೆರೆ ಅರವತ್ತೆರಡರವರೆಗೆ ಇತ್ತಲ್ಲ. ಅಡ್ಡಿಯಾದದ್ದು ಅವರು ಅದನ್ನು ಹೇಳಿದ ನಿರಾಳತೆ. ಎರಡನೆಯ ಭೇಟಿಗೆ ನಾನು ಒಪ್ಪಲಿಲ್ಲ. ತಾಣಗಳು ಗೆರೆಯನ್ನು ಇಷ್ಟು ಮುಂದೆ ತಂದು ಇಡದಿದ್ದರೆ ಇಂಥ ಸುಳ್ಳುಗಳು ಅರ್ಧಕ್ಕರ್ಧ ಕಡಿಮೆಯಾಗುತ್ತವೆ ಎಂದು ನನಗನ್ನಿಸುತ್ತದೆ. ಹಲವು ತಾಣಗಳಲ್ಲಿ ಸೆಲ್ಫಿ ತೆಗೆಸಿ ಫೋಟೊ ನಿಮ್ಮದೇ ಎಂದು ಖಚಿತಪಡಿಸುವ ಗುರುತು ಇದೆ. ಬರೀ ಮುಖ ನೋಡಿ ಕೊಟ್ಟ ಆ ಗುರುತು ವಯಸ್ಸಿಗೆ ಸಾಕ್ಷಿಯಲ್ಲ.

ಐವತ್ತು ದಾಟಿದವರಿಗೆಂದೇ ಇರುವ ತಾಣಗಳು ಈ ಜಾಗಕ್ಕೆ ಬರುತ್ತವೆ. ಅವರ್‌ಟೈಮ್, ಸಿಲ್ವರ್‌ಸಿಂಗಲ್ಸ್ ಈ ಬಗೆಯವು. ಅಂಥದೊಂದರಲ್ಲಿ ನಾನೂ ಅತ್ತೆಯೂ ಸೇರಿದೆವು. ಅಕ್ಕನ ಮಗಳಿಗೆ ಅಲ್ಲಿ ಕೆಲಸವಿರಲಿಲ್ಲ. ಅಕ್ಷರ ದೊಡ್ಡದು, ಅವಸರ ಕಡಿಮೆ, ಪ್ರೊಫೈಲಿನಲ್ಲಿ ಮೊಮ್ಮಕ್ಕಳ ಪ್ರಸ್ತಾಪವನ್ನು ಯಾರೂ ಬಚ್ಚಿಡುವುದಿಲ್ಲ. ನನಗೆ ಆ ತಾಣ ಒಂದು ವಾರದಲ್ಲೇ ಬೇಸರ ತಂದಿತು. ಅತ್ತೆ ಅಲ್ಲಿ ನೆಮ್ಮದಿಯಾಗಿದ್ದರು. ಒಂದೇ ತಾಣದಲ್ಲಿ ನಾನು ಎಲ್ಲರಿಗಿಂತ ಕಿರಿಯಳು, ಅವರು ನಡುವಯಸ್ಸಿನವರು. ಐವತ್ತರಿಂದ ಎಂಬತ್ತರವರೆಗೆ ಒಂದೇ ಗುಂಪು ಎಂದು ಯಾರು ತೀರ್ಮಾನಿಸಿದರೋ! ಇಪ್ಪತ್ತರವರನ್ನೂ ಐವತ್ತರವರನ್ನೂ ಒಂದೇ ಕೋಣೆಗೆ ಕಳಿಸಿ 'ನಿಮ್ಮ ವಯಸ್ಸಿನವರು' ಎನ್ನುವ ಧೈರ್ಯ ಇವರಿಗೆ ಇಲ್ಲ.

ಹಣದ ವಿಷಯವನ್ನು ಬೇಗ ಹೇಳಿ ಮುಗಿಸುತ್ತೇನೆ. ಖಾತೆ ಎಲ್ಲ ಕಡೆ ಉಚಿತ, ಆದರೆ ಹಲವು ಕಡೆ ನಮ್ಮನ್ನು ಮೆಚ್ಚಿದವರ ಮುಖ ಮಸುಕಾಗಿ ಕಾಣುತ್ತದೆ, ಚಂದಾ ಕೊಟ್ಟರೆ ಸ್ಪಷ್ಟವಾಗುತ್ತದೆ. ವಯಸ್ಸಾದವರು ಹೆಚ್ಚು ಕೊಡುತ್ತಾರೆ: ಪ್ಯೂ ಸಮೀಕ್ಷೆಯಲ್ಲೇ, ಡೇಟಿಂಗ್ ತಾಣ ಬಳಸಿದ ಮೂವತ್ತರ ಒಳಗಿನವರಲ್ಲಿ ಹಣ ಕೊಟ್ಟವರು ಶೇ. 22, ಮೂವತ್ತು ದಾಟಿದವರಲ್ಲಿ ಶೇ. 41. ಕಂಪನಿಗಳಿಗೂ ಇದು ತಿಳಿಯದ್ದಲ್ಲ. 2015ರಲ್ಲಿ ಟಿಂಡರ್ ಚಂದಾ ಯೋಜನೆ ತಂದಾಗ ಅಮೆರಿಕದಲ್ಲಿ ಮೂವತ್ತು ದಾಟಿದವರಿಗೆ ಅದೇ ಸೌಲಭ್ಯಕ್ಕೆ ಹೆಚ್ಚಿನ ದರ ಇಟ್ಟಿತ್ತು. ವಿಷಯ ನ್ಯಾಯಾಲಯಕ್ಕೆ ಹೋಗಿ, 2018ರಲ್ಲಿ ಕ್ಯಾಲಿಫೋರ್ನಿಯಾದ ಮೇಲ್ಮನವಿ ನ್ಯಾಯಾಲಯ ಇಂಥ ದರ ವಯಸ್ಸಿನ ತಾರತಮ್ಯ ಎಂಬ ದೂರುದಾರರ ವಾದವನ್ನು ಎತ್ತಿಹಿಡಿಯಿತು. ನಾವು ಮೂವರೂ ಒಂದೇ ಹೊತ್ತಿನಲ್ಲಿ ಒಂದೇ ತಾಣದ ಚಂದಾ ಪುಟ ತೆರೆದು ದರ ನೋಡಿಕೊಳ್ಳುತ್ತಿದ್ದುದು ಇದನ್ನು ಓದಿದ ಮೇಲೆಯೇ. ಒಂದು ತಾಣದಲ್ಲಿ, ಅದರ ಹೆಸರು ಬೇಡ, ನನಗೆ ಹಾಗೂ ಅಕ್ಕನ ಮಗಳಿಗೆ ತೋರಿಸಿದ ರಿಯಾಯಿತಿಗಳು ಬೇರೆ ಬೇರೆಯಾಗಿದ್ದವು. ಕಾರಣ ವಯಸ್ಸೋ, ಹೊಸ ಖಾತೆಯೋ, ಆ ಪುಟ ಹೇಳಲಿಲ್ಲ.

ಮೋಸಗಾರರ ಬಗ್ಗೆ ಅತ್ತೆಯದೇ ಅನುಭವ ಹೆಚ್ಚು. ಅವರಿಗೆ ಬರೆಯುತ್ತಿದ್ದವರಲ್ಲಿ ಸಮುದ್ರದ ನಡುವಿನ ತೈಲ ಬಾವಿಯಲ್ಲಿ ಎಂಜಿನಿಯರ್ ಆಗಿರುವ ವಿಧುರರೊಬ್ಬರಿದ್ದರು. ಎರಡನೆಯ ಸಂದೇಶದಲ್ಲೇ ಈ ತಾಣ ಬಿಟ್ಟು ಬೇರೆ ಆ್ಯಪ್‌ಗೆ ಬನ್ನಿ ಎಂದರು, ಮೂರನೆಯದರಲ್ಲಿ ಪ್ರೀತಿ ತಿಳಿಸಿದರು. ವಿಡಿಯೊ ಕರೆ ಎಂದಾಗಲೆಲ್ಲ ಅಲ್ಲಿ ಬಿರುಗಾಳಿ. ಅತ್ತೆ ನಮ್ಮನ್ನು ಕರೆದು, "ಈತ ನಿನ್ನೆ ಬೆಳಿಗ್ಗೆ ಬರೆದದ್ದನ್ನೇ ಇವತ್ತೂ ಬರೆದಿದ್ದಾನೆ, ಹೆಸರು ಮಾತ್ರ ನನ್ನದಲ್ಲ" ಎಂದು ತೋರಿಸಿದರು. ಫೋಟೊವನ್ನು ಚಿತ್ರ ಹುಡುಕಾಟಕ್ಕೆ ಹಾಕಿದಾಗ ಅದು ಬೇರಾರದೋ ಎಂದು ತಿಳಿಯಿತು. ದೂರು ಗುಂಡಿ ಒತ್ತಿದೆವು, ಖಾತೆ ಹೋಯಿತು, ಮತ್ತೊಬ್ಬ ಎಂಜಿನಿಯರ್ ಬಂದ. ನಗುವ ವಿಷಯವಲ್ಲ ಇದು. ಅಮೆರಿಕದ ಗ್ರಾಹಕ ರಕ್ಷಣಾ ಸಂಸ್ಥೆಯಾದ ಫೆಡರಲ್ ಟ್ರೇಡ್ ಕಮಿಷನ್‌ಗೆ 2022ರಲ್ಲಿ ಪ್ರೇಮದ ಹೆಸರಿನ ವಂಚನೆಯ ದೂರು ಕೊಟ್ಟವರು ಸುಮಾರು 70,000, ಹೇಳಿಕೊಂಡ ನಷ್ಟ 130 ಕೋಟಿ ಡಾಲರ್. ಹಣ ಕೇಳುವುದು ಗಿಫ್ಟ್ ಕಾರ್ಡ್ ಅಥವಾ ಕ್ರಿಪ್ಟೊ ರೂಪದಲ್ಲಾದರೆ ಹಿಂದೆ ಪಡೆಯುವ ದಾರಿ ಇಲ್ಲವೆಂದೇ ತಿಳಿಯಬೇಕು. ಎಳೆಯರ ಪಾಲಿನ ಬಲೆ ಬೇರೆ. ಖಾಸಗಿ ಚಿತ್ರ ಕೇಳಿ ಪಡೆದು, ಅದನ್ನು ಹಂಚುತ್ತೇನೆಂದು ಹೆದರಿಸಿ ಹಣ ಕೀಳುವವರು ಅವರ ಸುತ್ತ ಹೆಚ್ಚು. ಅಕ್ಕನ ಮಗಳ ಗೆಳತಿಯೊಬ್ಬಳಿಗೆ ಹೀಗಾಗಿತ್ತು. ಹಣ ಕೊಡದೆ, ಸಂದೇಶಗಳನ್ನು ಅಳಿಸದೆ ಇಟ್ಟುಕೊಂಡು ಪೊಲೀಸರ ಬಳಿ ಹೋದಳು.

ಮಾತಿನ ಧಾಟಿಯಲ್ಲೂ ವಯಸ್ಸು ಕಾಣುತ್ತದೆ. ಅಕ್ಕನ ಮಗಳ ಫೋನಿನಲ್ಲಿ ಏಕಕಾಲಕ್ಕೆ ಹಲವು ಮಾತುಕತೆಗಳು ಚಿಕ್ಕ ಚಿಕ್ಕದಾಗಿ ನಡೆಯುತ್ತಿದ್ದವು. ಹೆಚ್ಚಿನವು ಹೇಳದೆ ಕೇಳದೆ ನಿಲ್ಲುತ್ತಿದ್ದವು. ಉತ್ತರ ನಿಂತರೆ ಅವಳಿಗೆ ಅವಮಾನವಲ್ಲ, ನನಗೆ ಅವಮಾನ. ನನ್ನ ವಯಸ್ಸಿನವರ ಜೊತೆಗಿನ ಮಾತು ಬೇಗನೆ ಮಕ್ಕಳ ಪರೀಕ್ಷೆ, ಅಪ್ಪ ಅಮ್ಮನ ಆರೋಗ್ಯ, ಯಾವ ವಾರ ಬಿಡುವು ಎಂಬಲ್ಲಿಗೆ ಬಂದು ಮುಟ್ಟುತ್ತಿತ್ತು. ಭೇಟಿಯ ದಿನ ನಿಗದಿ ಮಾಡುವುದೇ ಒಂದು ಸಾಹಸ. ಅತ್ತೆಯ ಓರಗೆಯವರು ಬರೆಯುವುದನ್ನು ಬಿಟ್ಟು ಬೇಗ ಫೋನಿಗೆ ಬರುತ್ತಾರೆ. ದನಿ ಕೇಳಿದರೆ ಅರ್ಧ ಮನುಷ್ಯ ತಿಳಿದ ಹಾಗೆ ಎಂಬುದು ಅವರ ಅಭಿಪ್ರಾಯ. ನಂಬರ್ ಕೊಡುವ ಮೊದಲು ತಾಣದೊಳಗಿನ ಕರೆಯನ್ನೇ ಬಳಸಿ ಎಂದು ನಾವು ಒತ್ತಾಯಿಸಿದೆವು.

ಕೊನೆಗೆ ಅಕ್ಕನ ಮಗಳು ಹಿಂಜ್ ಒಂದನ್ನೇ ಉಳಿಸಿಕೊಂಡಳು, ಚಂದಾ ಇಲ್ಲದೆ. ಉಚಿತ ಖಾತೆಗೆ ದಿನಕ್ಕೆ ಇಷ್ಟೇ ಲೈಕ್ ಎಂಬ ಮಿತಿ ಇರುವುದರಿಂದ ನಿಧಾನವಾಗಿ ಓದಿ ಆರಿಸುತ್ತೇನೆ ಎನ್ನುತ್ತಾಳೆ. ನಾನು ಓಕೆಕ್ಯುಪಿಡ್‌ನಲ್ಲಿ ಸಿಕ್ಕವರೊಬ್ಬರನ್ನು ಈಗ ಆಗಾಗ ಭೇಟಿಯಾಗುತ್ತೇನೆ. ನಮ್ಮ ಶೇಕಡಾವಾರು ಅಷ್ಟೇನೂ ಹೆಚ್ಚಿಲ್ಲ, ಇಬ್ಬರೂ ಅದನ್ನು ಹೇಳಿ ನಗುತ್ತೇವೆ. ಉಳಿದ ಖಾತೆಗಳನ್ನು ಮುಚ್ಚುವುದಕ್ಕೆ ತೆರೆಯುವುದಕ್ಕಿಂತ ಹೆಚ್ಚು ಹೊತ್ತು ಹಿಡಿಯಿತು. ಮೊಬೈಲಿನಿಂದ ಆ್ಯಪ್ ತೆಗೆದರೆ ಪ್ರೊಫೈಲ್ ಅಲ್ಲೇ ಉಳಿಯುತ್ತದೆ, ಸೆಟ್ಟಿಂಗ್ಸ್‌ಗೆ ಹೋಗಿ ಖಾತೆಯನ್ನೇ ಅಳಿಸಬೇಕು. ಖಾತೆ ಅಳಿಸಿದರೂ ಆ್ಯಪಲ್ ಅಥವಾ ಗೂಗಲ್ ಮೂಲಕ ಕೊಟ್ಟ ಚಂದಾ ತಾನಾಗಿ ನಿಲ್ಲುವುದಿಲ್ಲ, ಅದನ್ನು ಅಲ್ಲೇ ಹೋಗಿ ನಿಲ್ಲಿಸಬೇಕು, ಅದೂ ಅವಧಿ ಮುಗಿಯುವ ಮೊದಲೇ. ಅತ್ತೆ ಮಾತ್ರ ಐವತ್ತು ದಾಟಿದವರ ತಾಣದ ಚಂದಾ ಮುಂದುವರಿಸಿದ್ದಾರೆ. ಅಲ್ಲಿ ಒಬ್ಬರ ಜೊತೆ ದಿನಾ ಸಂಜೆ ಫೋನಿನಲ್ಲಿ ಹರಟುತ್ತಾರೆ, ಆದರೂ ಫಿಲ್ಟರಿನ ಮೇಲಿನ ಮಿತಿಯನ್ನು 75ರಿಂದ 68ಕ್ಕೆ ಇಳಿಸಿದ್ದಾರೆ. ಆ ಒಬ್ಬರಿಗೆ ಎಪ್ಪತ್ತು. ಅವರಿಗೆ ಹೇಗೂ ನಂಬರ್ ಕೊಟ್ಟಾಗಿದೆಯಲ್ಲ ಎನ್ನುತ್ತಾರೆ ಅತ್ತೆ.